ಕ್ಯಾಮೆರಾ ಅಲ್ಲಿರಲಿ, ನೀವು ಇಲ್ಲಿರಿ

ಹಕ್ಕಿ ಫೋಟೊ ತೆಗೀಬೇಕು, ಆದ್ರೆ ದೊಡ್ಡ ಲೆನ್ಸ್‌ಗೆ ದುಡ್ಡಿಲ್ಲ ಅಂತ ತುಂಬ ಜನ ಹೇಳ್ತಾರೆ. ಅವರಿಗೆ ನಾನು ಕೇಳೋದು ಒಂದೇ: ನಿಮ್ಮ ಕ್ಯಾಮೆರಾದಲ್ಲಿ ವೈಫೈ ಇದೆಯಾ? ಇದ್ರೆ ಕಿಟ್ ಲೆನ್ಸ್ ಸಾಕು. ಹಕ್ಕಿ ಬರೋ ಜಾಗದಲ್ಲಿ ಕ್ಯಾಮೆರಾ ಇಟ್ಟು ನೀವು ಒಳಗೆ ಬನ್ನಿ. ಕ್ಲಿಕ್ ಮಾಡೋಕೆ ಮೊಬೈಲ್ ಇದೆ.

ಕ್ಯಾನನ್‌ಗೆ ಕ್ಯಾಮೆರಾ ಕನೆಕ್ಟ್, ನಿಕಾನ್‌ಗೆ ಸ್ನ್ಯಾಪ್‌ಬ್ರಿಡ್ಜ್, ಸೋನಿಗೆ ಕ್ರಿಯೇಟರ್ಸ್ ಆ್ಯಪ್. ಮೂರೂ ಉಚಿತ. ಇದಕ್ಕೆ ಇಂಟರ್ನೆಟ್ ಬೇಡ. ಕ್ಯಾಮೆರಾನೇ ಒಂದು ಪುಟ್ಟ ವೈಫೈ ನೆಟ್‌ವರ್ಕ್ ಶುರು ಮಾಡುತ್ತೆ, ಫೋನ್ ಅದಕ್ಕೆ ಸೇರಿಕೊಳ್ಳುತ್ತೆ. ತಕರಾರು ಬರೋದು ಇಲ್ಲೇ. 'ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ' ಅಂತ ಎಷ್ಟೋ ಫೋನ್‌ಗಳು ತಾವಾಗೇ ಮೊಬೈಲ್ ಡೇಟಾಗೆ ಜಿಗಿದುಬಿಡ್ತವೆ. ಆ್ಯಪ್ ಸುಮ್ನೆ ಸುತ್ತುತ್ತಾ ಕೂರುತ್ತೆ, ನಾವು ಕ್ಯಾಮೆರಾಗೆ ಬೈತೀವಿ! ಅಷ್ಟು ಹೊತ್ತು ಡೇಟಾ ಆಫ್ ಮಾಡಿ.

ಹಿತ್ತಲಲ್ಲೋ ಟೆರೇಸಲ್ಲೋ ಒಂದು ಅಗಲವಾದ ಮಣ್ಣಿನ ಬೋಗುಣಿಯಲ್ಲಿ ನೀರಿಡಿ. ಪಕ್ಕದಲ್ಲಿ ಒಂದು ಒಣ ಕೊಂಬೆ. ಹಕ್ಕಿಗಳು ನೇರ ನೀರಿಗೆ ಇಳಿಯೋದು ಕಡಿಮೆ, ಮೊದಲು ಎಲ್ಲಾದರೂ ಕೂತು ಸುತ್ತ ನೋಡ್ತವೆ. ಒಂದೆರಡು ದಿನ ಖಾಲಿ ಟ್ರೈಪಾಡ್ ಮಾತ್ರ ನಿಲ್ಲಿಸಿ, ಅವಕ್ಕೆ ಅಭ್ಯಾಸ ಆಗಲಿ. ಆಮೇಲೆ ಕ್ಯಾಮೆರಾ, ಕೊಂಬೆಯಿಂದ ಮೂರ್ನಾಲ್ಕು ಅಡಿ ದೂರಕ್ಕೆ. ಫೋಕಸ್ ಕೊಂಬೆ ಮೇಲೆ ಮಾಡಿ ಮ್ಯಾನುಯಲ್‌ಗೆ ಹಾಕಿಬಿಡಿ. ಸೈಲೆಂಟ್ ಶಟರ್ ಇದ್ರೆ ಆನ್ ಮಾಡಿ. ಇಲ್ಲದಿದ್ರೆ ಮೊದಲ 'ಠಕ್' ಸದ್ದಿಗೇ ಪಿಕಳಾರ ಮಾಯ. ಹರಟೆಮಲ್ಲಗಳಿಗೆ ಅಷ್ಟು ಸಂಕೋಚ ಇಲ್ಲ, ಗುಂಪಾಗಿ ಬಂದು ಗಲಾಟೆ ಮಾಡಿಕೊಂಡೇ ಸ್ನಾನ ಮಾಡ್ತವೆ. ಒಂದು ಮಾತು, ಫೋನಲ್ಲಿ ಕಾಣೋ ಚಿತ್ರ ಒಂಚೂರು ತಡವಾಗಿ ಬರುತ್ತೆ. ಹಕ್ಕಿ ರೆಕ್ಕೆ ಬಿಚ್ಚಿದ್ದನ್ನ ನೋಡಿ ಒತ್ತಿದ್ರೆ ಸಿಗೋದು ಖಾಲಿ ಕೊಂಬೆ.

ಈಗ ಅಸಲಿ ವಿಷಯ. 'ಬಾಲ್ಕನಿ ಪಾಟ್‌ನಲ್ಲಿ ಪಿಕಳಾರ ಗೂಡು ಕಟ್ಟಿದೆ, ಅಲ್ಲಿ ಕ್ಯಾಮೆರಾ ಇಡಬಹುದಾ? ನಾನಂತೂ ದೂರ ಇರ್ತೀನಲ್ಲ' ಅಂತ ಕೇಳೋರಿದ್ದಾರೆ. ಬೇಡ. ಕ್ಯಾಮೆರಾ ಇಡೋಕೆ ಹೋಗೋದು ನೀವೇ ತಾನೆ? ಲೈವ್ ವ್ಯೂ, ವೈಫೈ ಎರಡೂ ಆನ್ ಇದ್ರೆ ಬ್ಯಾಟರಿ ಬೇಗ ಇಳಿಯುತ್ತೆ. ಅದನ್ನ ಬದಲಾಯಿಸೋಕೆ ಮತ್ತೆ ಹೋಗ್ತೀರಿ. ಚೆನ್ನಾಗಿ ಕಾಣಲಿ ಅಂತ ಎರಡು ಎಲೆ ಸರಿಸ್ತೀರಿ. ಮರಿಗೆ ನೆರಳು ಕೊಡ್ತಿದ್ದದ್ದು, ಕಾಗೆ ಕಣ್ಣಿಂದ ಮರೆ ಮಾಡ್ತಿದ್ದದ್ದು ಆ ಎರಡು ಎಲೆಗಳೇ. ತಾಯಿ ಹಕ್ಕಿ ಹೆದರಿ ದೂರ ಕೂತಷ್ಟು ಹೊತ್ತು ಮೊಟ್ಟೆಗೆ ಕಾವಿಲ್ಲ, ಮರಿಗೆ ಗುಟುಕಿಲ್ಲ.

ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅನ್ನೋ ಪದದ ಅರ್ಥ ಓದಿ ನೋಡಿ. ಕಾಡುಹಕ್ಕಿಗಳ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡೋದೂ ಅದರಲ್ಲೇ ಸೇರಿದೆ. ಕೋವಿ ಬೇಕಿಲ್ಲ. ನನ್ನ ಕೇಳಿದ್ರೆ, ಗೂಡಿನ ಫೋಟೊಗೆ ಲೈಕ್ ಒತ್ತೋದನ್ನೂ ನಿಲ್ಲಿಸಬೇಕು. ಲೈಕ್ ಬರುತ್ತೆ ಅಂತಾನೇ ಜನ ಎಲೆ ಸರಿಸೋದು.

ಮರಿಗಳು ರೆಕ್ಕೆ ಬಲಿತು ಹಾರಿದ ಮೇಲೆ ನಿಮ್ಮ ಬೋಗುಣಿಗೇ ಬರಬಹುದು. ಅಲ್ಲಿ ಎಷ್ಟು ಬೇಕಾದ್ರೂ ತೆಗೀರಿ. ನೀರು ಮಾತ್ರ ದಿನಾ ಬದಲಾಯಿಸಿ, ಸೊಳ್ಳೆ ಮೊಟ್ಟೆ ಇಡುತ್ತೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.