ಕೀಲು ಹೊಸದು, ಸ್ನಾಯು ಹಳೆಯದು
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಎಳವೆಯಲ್ಲಿ ಕೀವು ತುಂಬಿಯೋ, ಕ್ಷಯ ತಗಲಿಯೋ, ಎಲುಬಿಗೆ ರಕ್ತ ಸಾಲದೆಯೋ ಸೊಂಟದ ಕೀಲು ಕೆಟ್ಟವರಿಗೆ ಇಪ್ಪತ್ತೈದು ಮೂವತ್ತರ ಹರೆಯದಲ್ಲೇ ಕೀಲು ಬದಲಿಸುವ ಪ್ರಸಂಗ ಬರುವುದುಂಟು. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ ಎಂಬ ವೈದ್ಯರು 1962ರಲ್ಲಿ ಲೋಹದ ಗುಂಡಿಗೆ ಪಾಲಿಥೀನ್ ಬಟ್ಟಲು ಜೋಡಿಸಿ ಈ ಚಿಕಿತ್ಸೆಯನ್ನು ನೆಲೆಗೊಳಿಸಿದರು.

"ಆಪರೇಷನ್ ಆಯಿತಲ್ಲ, ಇನ್ನು ಕೆಲಸಕ್ಕೆ ಹೋಗಲಿ" ಎನ್ನುವವರು ಮನೆಯಲ್ಲೇ ಇರುತ್ತಾರೆ. ಅವರಿಗೆ ನನ್ನ ಮಾತು ಇಷ್ಟೇ: ವೈದ್ಯರು ಬದಲಿಸುವುದು ಕೀಲನ್ನು, ಸ್ನಾಯುವನ್ನಲ್ಲ. ಹದಿನೈದು ವರ್ಷ ಕುಂಟಿದ ಕಾಲಿನ ಸ್ನಾಯು ಬಡವಾಗಿರುತ್ತದೆ. ಸೊಂಟದ ಪಕ್ಕದ ಸ್ನಾಯು ಬಲಿಯುವ ತನಕ ನಡೆಯುವಾಗ ಮೈ ವಾಲುತ್ತದೆ. ಗಿಡ್ಡ ಕಾಲು ಸರಿಯಾದರೂ "ಉದ್ದವಾಯಿತು" ಎನಿಸುತ್ತದೆ. ಸೊಟ್ಟಗೆ ನಿಂತ ಮೈ ಅದನ್ನೇ ನೇರವೆಂದು ತಿಳಿದಿರುತ್ತದೆ. ಹೊಸ ನಡಿಗೆ ಕಲಿಯಲು ತಿಂಗಳುಗಳೇ ಬೇಕು.

ಸಾಮಾನ್ಯವಾಗಿ ಅದೇ ದಿನವೋ ಮರುದಿನವೋ ಎಬ್ಬಿಸಿ ನಡೆಸುತ್ತಾರೆ. ಒಂದೇ ಕೋಲಾದರೆ ಅದು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಮೊದಲ 6ರಿಂದ 12 ವಾರ ಅನೇಕರಿಗೆ ನೆಲದಲ್ಲಿ ಕೂರುವುದು, ಕುಕ್ಕರಗಾಲು, ಕಾಲ ಮೇಲೆ ಕಾಲು ಹಾಕುವುದು ವರ್ಜ್ಯ, ಕೀಲು ಜಾರೀತು. ಆದ್ದರಿಂದ ಎತ್ತರದ ಕುರ್ಚಿ, ಕಮೋಡು ಕುರ್ಚಿ ಮೊದಲೇ ಖೋಲಿಗೆ ಬಂದಿರಲಿ. ಕಲಿಸಿಕೊಟ್ಟ ವ್ಯಾಯಾಮ ಒಂದು ದಿನವೂ ತಪ್ಪದಿರಲಿ. ಜ್ವರ ಬಂದರೆ, ಗಾಯ ಸೋರಿದರೆ, ಮೀನಖಂಡ ಬಾತು ನೋಯುತ್ತಿದ್ದರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಎದೆ ನೋವು, ಉಸಿರುಕಟ್ಟು ಕಂಡರೆ ಆ ಕ್ಷಣವೇ.

ತರುಣರು ಇನ್ನೊಂದು ಲೆಕ್ಕವನ್ನೂ ತಿಳಿದಿರಬೇಕು. ಹಾಕಿದ ಕೀಲುಗಳಲ್ಲಿ ನೂರಕ್ಕೆ ಸುಮಾರು 58 ಮಾತ್ರ 25 ವರ್ಷ ಬಾಳುತ್ತವೆಂದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂವತ್ತರವನಿಗೆ ಮುಂದೆ ಮತ್ತೊಂದು ಆಪರೇಷನ್ ಬೇಕಾದೀತು. ಆದಕಾರಣ ಮೂಟೆ ಹೊರುವವನಿಗೆ ಬೇರೆ ಕೆಲಸ ಹುಡುಕಿಕೊಡುವುದೂ ಚಿಕಿತ್ಸೆಯ ಒಂದು ಭಾಗವೇ.

ನಾನು ಗುಮಾಸ್ತ, ಲೆಕ್ಕದ ಮಾತಿನಲ್ಲೇ ಮುಗಿಸುತ್ತೇನೆ. ಊರವರು ಸೇರಿ ಇಂಥವನಿಗೆ ವರ್ಗಣಿ ಎತ್ತುವಾಗ ಆಸ್ಪತ್ರೆಯ ಬಿಲ್ಲನ್ನಷ್ಟೇ ಕೂಡಿಸಬೇಡಿ. ಮೂರು ತಿಂಗಳ ಬಾಡಿಗೆ, ಊಟ, ವ್ಯಾಯಾಮ ಕಲಿಸುವವರ ಫೀ, ಇವನ್ನೂ ಅದೇ ಪಟ್ಟಿಯಲ್ಲಿ ಬರೆಯಿರಿ. ಇಲ್ಲವಾದರೆ ಕೀಲಿಗೆ ಸುರಿದ ಹಣ ನಡಿಗೆಗೆ ಬಾರದು.