ಕೊರೆಯುವ ಚಳಿ

(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳು)



ಮಾಗಿಯ ಈ ಬೆಳಗಿನಲ್ಲಿ ನಿಮ್ಮನ್ನು ಹೆಚ್ಚು ಕೊರೆಯುವುದಿಲ್ಲ. ಏಕೆಂದರೆ ಕನ್ನಡದಲ್ಲಿ ಭಾಷಣವೂ ಕೊರೆಯುತ್ತದೆ, ಚಳಿಯೂ ಕೊರೆಯುತ್ತದೆ. ಬಡಗಿಯ ಬೈರಿಗೆ ಮರವನ್ನು ಕೊರೆಯುವ ಹಾಗೆ ಕಡುಚಳಿ ಚರ್ಮ ದಾಟಿ ಮೂಳೆಗೆ ಇಳಿಯುತ್ತದೆ. ಅದಕ್ಕೇ ಅದು 'ಕೊರೆಯುವ ಚಳಿ'.

'ಶೀತ' ಸಂಸ್ಕೃತದಿಂದ ಬಂದದ್ದು. 'ಥಂಡಿ' ಹಿಂದಿ, ಮರಾಠಿಗಳ ಕಡೆಯದು. 'ಚಳಿ' ಮಾತ್ರ ನಮ್ಮ ದ್ರಾವಿಡ ನುಡಿಗಳ ಮನೆಯ ಮಾತು. ತೆಲುಗಿನವರಿಗೆ ಅದು 'ಚಲಿ'. ತಮಿಳಿನಲ್ಲಿ 'ಸಳಿ' ಎಂದರೆ ನೆಗಡಿ, ಕಫ. ಹಳಗನ್ನಡದಲ್ಲಿ 'ಕುಳಿರ್' ಎಂಬ ಇನ್ನೊಂದು ಮಾತಿತ್ತು. ತಮಿಳರೂ ಮಲಯಾಳಿಗಳೂ ಅದನ್ನು ಇಂದಿಗೂ ಆಡುತ್ತಾರೆ. ನಮ್ಮ ದಿನಬಳಕೆಯಿಂದ ಅದು ಜಾರಿಹೋಯಿತು, ಚಳಿ ಉಳಿಯಿತು.

ಉಳಿದದ್ದಷ್ಟೇ ಅಲ್ಲ, ಅರ್ಥಗಳನ್ನೂ ಬೆಳೆಸಿಕೊಂಡಿತು. ಮಲೇರಿಯಾ ನಮ್ಮ ಹಿರಿಯರಿಗೆ 'ಚಳಿಜ್ವರ'. ಮೇಷ್ಟ್ರು 'ಚಳಿ ಬಿಡಿಸ್ತೀನಿ' ಎಂದರೆ ಕಂಬಳಿ ಹೊದಿಸುತ್ತಾರೆಂದಲ್ಲ, ಬೆತ್ತ ಹೊರಗೆ ಬರುತ್ತದೆಂದು ಅರ್ಥ. ಇನ್ನು 'ಮೈಚಳಿ' ಎಂದರೆ ಸಂಕೋಚ, ಸೋಮಾರಿತನ. 'ಮೈಚಳಿ ಬಿಟ್ಟು ಓದ್ರೋ' ಎಂಬ ಮಾತನ್ನು ಈ ಶಾಲೆಯಲ್ಲಿ ಕೇಳದವರು ಯಾರಿದ್ದಾರೆ?

ಈ ಕೊನೆಯ ಮಾತಿನ ಬಗ್ಗೆ ನನ್ನದೊಂದು ಸಾಲ ಉಳಿದಿದೆ. ಎಂಟನೆಯ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಮಾಗಿಯಲ್ಲಿ ದಿನವೂ ತಡವಾಗಿ ಬರುತ್ತಿದ್ದ. ಒಂದು ದಿನ ಮೇಷ್ಟ್ರು ಕಾರಣ ಕೇಳಿದರು. 'ಮೈ ಚಳಿ ಸಾರ್' ಎಂದ. ಸೋಮಾರಿತನವನ್ನು ತಾನೇ ಒಪ್ಪಿಕೊಂಡನೆಂದು ಇಡೀ ತರಗತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಮೇಷ್ಟ್ರು ನಗಲಿಲ್ಲ. ಹತ್ತಿರ ಹೋಗಿ ಅವನ ಹೆಗಲು ಮುಟ್ಟಿದರು. ಅಂಗಿ ಒದ್ದೆಯಾಗಿತ್ತು. ಇದ್ದದ್ದು ಒಂದೇ ಅಂಗಿ. ರಾತ್ರಿ ಒಗೆದು ಹಾಕಿದ್ದು ಬೆಳಗಿನ ಮಂಜಿನಲ್ಲಿ ಒಣಗುತ್ತಿರಲಿಲ್ಲ. ಅವನು ಹೇಳಿದ್ದು ನುಡಿಗಟ್ಟಲ್ಲ, ನಿಜವಾದ ಚಳಿ. ಮೇಷ್ಟ್ರು ಏನೂ ಹೇಳದೆ ಅವನನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಕೂರಿಸಿದರು. ಮರುದಿನದಿಂದ ನಮ್ಮ ತರಗತಿಯ ಮೊದಲ ಪಾಠ ಅಂಗಳದ ಬಿಸಿಲಲ್ಲಿ ನಡೆಯಿತು. ಕಾರಣವನ್ನು ಅವರು ಯಾರಿಗೂ ಹೇಳಲಿಲ್ಲ.

ಒಂದೇ ಮಾತನ್ನು ಉಂಡವನು ಒಂದು ಅರ್ಥದಲ್ಲಿ ಕೇಳುತ್ತಾನೆ, ನಡುಗುವವನು ಇನ್ನೊಂದು ಅರ್ಥದಲ್ಲಿ ಆಡುತ್ತಾನೆ. ನಿಘಂಟು ಎರಡನ್ನೂ ಕೊಟ್ಟೀತು. ಯಾವುದೆಂದು ತಿಳಿಯಲು ಹೆಗಲು ಮುಟ್ಟಿ ನೋಡಬೇಕು. ನನಗೆ ಈ ಶಾಲೆ ಕಲಿಸಿದ ದೊಡ್ಡ ವ್ಯಾಕರಣ ಅದು.

ಆ ಗೆಳೆಯ ಇಲ್ಲೇ ನಿಮ್ಮ ನಡುವೆ ಕುಳಿತಿದ್ದಾನೆ. ಹೆಸರು ಹೇಳುವುದಿಲ್ಲ. ಅಂದು ನಕ್ಕಿದ್ದಕ್ಕೆ ಕ್ಷಮೆ ಕೇಳಲು ನನಗೆ ಇಷ್ಟು ವರ್ಷ ಮೈಚಳಿ ಬಿಡಲಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುತ್ತಾರೆ. ನನ್ನದು ಇವತ್ತು ಹೋಯಿತು. ತಪ್ಪಾಯ್ತು ಕಣೋ.