ಸಾಲದ ಪಟ್ಟಿ ಬರೆಯೋಣ ಬನ್ನಿ



ಪುಣೆಯಲ್ಲಿ ನಾವು ನಾಲ್ಕು ಜನ ಸೇರಿದರೆ ಫ್ಲ್ಯಾಟು, ಮಕ್ಕಳ ಶಾಲೆ, ಭಿಶಿ ಎಲ್ಲವೂ ಮಾತಿಗೆ ಬರುತ್ತವೆ. ಸಾಲದ ವಿಷಯ ಮಾತ್ರ ಬರುವುದಿಲ್ಲ. ಇವತ್ತು ಅದನ್ನೇ ಮಾತಾಡೋಣ.

ಮೊದಲು ಒಂದು ಲೆಕ್ಕ. ಕ್ರೆಡಿಟ್ ಕಾರ್ಡಿನಲ್ಲಿ 50,000 ರೂಪಾಯಿ ಬಾಕಿ, ಬಡ್ಡಿ ತಿಂಗಳಿಗೆ ಶೇ. 3.5 ಎಂದಿಟ್ಟುಕೊಳ್ಳಿ. ಒಂದು ತಿಂಗಳ ಬಡ್ಡಿ 1,750. ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 315. ನೀವು 2,500 ಕಟ್ಟಿದರೆ ಅಸಲಿಗೆ ಹೋಗುವುದು ಬರೀ 435 ರೂಪಾಯಿ! ವರ್ಷಕ್ಕೆ ಶೇ. 42 ಬಡ್ಡಿ ತೆರುತ್ತಾ ಇನ್ನೊಂದು ಕಡೆ ಶೇ. 7ಕ್ಕೆ ಎಫ್‌ಡಿ ಇಡುವುದು ತೂತು ಕೊಡಕ್ಕೆ ನೀರು ತುಂಬಿದಂತೆ.

ಹಾಗಾದರೆ ಏನು ಮಾಡಬೇಕು? ಒಂದು ನೋಟ್‌ಬುಕ್ಕಿನಲ್ಲಿ ಮನೆಯ ಎಲ್ಲ ಸಾಲ ಬರೆಯಿರಿ: ಬಾಕಿ ಎಷ್ಟು, ಬಡ್ಡಿ ಎಷ್ಟು, ಕಂತು ಎಷ್ಟು. ಒಂದು ತಿಂಗಳ ಮನೆಖರ್ಚಿನಷ್ಟು ಹಣವನ್ನು ಬೇರೆ ಖಾತೆಯಲ್ಲಿಡಿ. ಇಲ್ಲದಿದ್ದರೆ ಫ್ರಿಜ್ ಕೆಟ್ಟ ದಿನ ಮತ್ತೆ ಕಾರ್ಡೇ ಗತಿ. ಎಲ್ಲ ಕಂತುಗಳನ್ನೂ ತಪ್ಪದೆ ಕಟ್ಟಿ, ಮಿಕ್ಕಿದ್ದನ್ನು ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಹಾಕಿ. ಅದು ತೀರಿದ ಮೇಲೆ ಆ ಹಣ ಪೂರ್ತಿ ಮುಂದಿನ ಸಾಲಕ್ಕೆ. ಗೃಹಸಾಲ ಕೊನೆಗಿರಲಿ. ಬಡ್ಡಿದರ ಬದಲಾಗುವ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ನಿಯಮವೇ ಇದೆ.

ಒಡವೆ ಅಡವಿಡುವುದೆಂದರೆ ನಮಗೆ ಮರ್ಯಾದೆಯ ಪ್ರಶ್ನೆ. ಆದರೆ ಬ್ಯಾಂಕಿನ ಚಿನ್ನದ ಸಾಲದ ಬಡ್ಡಿ ಕಾರ್ಡಿಗಿಂತ ಎಷ್ಟೋ ಕಡಿಮೆ. ಬಿಡಿಸಿಕೊಳ್ಳುವ ತಾರೀಖು ನಿಗದಿಮಾಡಿ, ಕಾರ್ಡನ್ನು ಕಪಾಟಿಗೆ ಹಾಕಿ ಬೀಗ ಜಡಿಯುವುದಾದರೆ ಅದರಲ್ಲಿ ನಾಚಿಕೆಯೇನಿಲ್ಲ. ಬೀಗ ಹಾಕಲಾಗದಿದ್ದರೆ ಬಳೆ ಮುಟ್ಟಬೇಡಿ.

ಇನ್ನೊಂದು ಮುಖ್ಯ ಮಾತು. “ಬರೀ ಫಾರ್ಮಾಲಿಟಿ, ಇಲ್ಲೊಂದು ಸೈನ್ ಮಾಡು” ಎಂದರೆ ಓದದೆ ಸಹಿ ಹಾಕಬೇಡಿ. 1872ರ ಭಾರತೀಯ ಕರಾರು ಕಾಯಿದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಹೇಳಿರದಿದ್ದರೆ, ಜಾಮೀನುದಾರರ ಹೊಣೆ ಸಾಲಗಾರರಷ್ಟೇ. ಗಂಡನದಿರಲಿ, ತಮ್ಮನದಿರಲಿ, ಕಂತು ನಿಂತರೆ ಬ್ಯಾಂಕು ನಿಮ್ಮನ್ನೇ ಕೇಳಬಹುದು. ನಿಮ್ಮ ಹೆಸರಲ್ಲಿ ಯಾವ ಸಾಲ ಇದೆ ಎಂದು ಕ್ರೆಡಿಟ್ ರಿಪೋರ್ಟಿನಲ್ಲಿ ನೋಡಿ. ವರ್ಷಕ್ಕೊಮ್ಮೆ ಅದು ಉಚಿತ. ಸಂಬಳ ತರುವವರೂ ನೋಡಲಿ, ಮನೆ ನಡೆಸುವವರೂ ನೋಡಲಿ.

ಸಾಲ ತೀರಿದ ತಿಂಗಳೇ ಉಳಿತಾಯ ಶುರುವಾಗಲಿ. ಕಂತು ಹೋಗುತ್ತಿದ್ದ ಅದೇ ತಾರೀಖಿಗೆ, ಅಷ್ಟೇ ಮೊತ್ತಕ್ಕೆ, ನಿಮ್ಮದೇ ಹೆಸರಲ್ಲಿ ಆರ್‌ಡಿ ತೆರೆಯಿರಿ. ಅಷ್ಟು ಹಣವಿಲ್ಲದೆ ಬದುಕುವುದು ಮನೆಗೆ ಆಗಲೇ ಅಭ್ಯಾಸವಾಗಿರುತ್ತದೆ. ಆರು ತಿಂಗಳ ಖರ್ಚು ಕೂಡಿದ ಮೇಲೆ ಪಿಪಿಎಫ್, ಎಸ್‌ಐಪಿ ಯೋಚಿಸಿ. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ವಿಮೆ ಇರುವುದು ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ ಎಂಬುದೂ ನೆನಪಿರಲಿ.

ಈ ಭಾನುವಾರ ಕಾಫಿ ಕುಡಿಯುತ್ತಾ ಗಂಡ ಹೆಂಡತಿ ಇಬ್ಬರೂ ಕೂತು ಆ ಪಟ್ಟಿ ಬರೆಯಿರಿ. ಯಾರು ಮಾಡಿದ ಸಾಲ ಎಂಬ ಜಗಳ ಬೇಡ, ಯಾವುದು ಮೊದಲು ತೀರಬೇಕು ಎಂದಷ್ಟೇ ಮಾತಾಡಿ.